ಹಿಲ್ಯಾ ಡೆಕ್‌ಗೆ ಬಣ್ಣ ಹೊಡೆದದ್ದು

ನಡುಬೇಸಿಗೆಯ ಯುಹಾನ್ನುಸ್ ಹಬ್ಬಕ್ಕೆ ಮೂರೇ ದಿನ ಉಳಿದಿರುವಾಗ ಹಿಲ್ಯಾ ಕಂಗಾಸ್ ಬಣ್ಣ ಸಿಂಪಡಿಸುವ ಯಂತ್ರ ಕೊಳ್ಳಲು ಹೊರಟಳೆಂಬ ಸುದ್ದಿ ಸುಪೀರಿಯರ್ ಸರೋವರದ ದಡದ ಆ ಊರಿಗೆಲ್ಲ ಹಬ್ಬಿತು. ಆ ಊರಲ್ಲಿ ಸುದ್ದಿ ಸಿಂಪಡಿಸಲು ಮಾತ್ರ ಯಾವ ಯಂತ್ರವೂ ಬೇಡ. ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೆಂದು, ಕಳೆದ ವರ್ಷವಷ್ಟೇ ಬಣ್ಣದ ಕೆಲಸ ಹಿಡಿದವಳು ಹಿಲ್ಯಾ. ಈಗ ಚರ್ಚಿನ ಸಭಾಭವನದ ಹಿಂದಿನ ದೊಡ್ಡ ಡೆಕ್, ಅಂದರೆ ಮರದ ಹಲಗೆಯ ತೆರೆದ ಜಗಲಿ, ಅವಳ ಪಾಲಿಗೆ ಬಂದಿತ್ತು. ಅದು ಚೆನ್ನಾಗಿ ಬಂದರೆ ದಡದುದ್ದಕ್ಕೂ ಹಾಸಿರುವ ಹಲಗೆಯ ಕಾಲುಹಾದಿಯ ಕೆಲಸವೂ ಅವಳದೇ. ಕೆಟ್ಟರೆ ಮತ್ತೆ ಶಾಲೆಯ ಆಲೂಗಡ್ಡೆ ಸುಲಿಯುವುದೇ ಗತಿ.

ತೀರ್ಮಾನ ಹೇಳಬೇಕಾದವನು ರೇನೊ ಲೆಹ್ತೊ. ಎಪ್ಪತ್ತಾರರ ಬಡಗಿ, ಆ ಡೆಕ್ ಕಟ್ಟಿದವನೇ ಅವನು. ನಾಲ್ಕು ವರ್ಷದ ಹಿಂದೆ ಹೊರಗಿನವನೊಬ್ಬ ಯಂತ್ರದಿಂದ ಅದಕ್ಕೆ ಬಣ್ಣ ಎರಚಿ ಹೋಗಿದ್ದ. ಮರುವರ್ಷ ಹಿಮ ಕರಗುವಷ್ಟರಲ್ಲಿ ಬಣ್ಣವೆಲ್ಲ ಸಿಪ್ಪೆ ಎದ್ದು ಹೋಯಿತು. ಅಂದಿನಿಂದ ಯಂತ್ರವೆಂದರೆ ರೇನೊಗೆ ಮೈಯೆಲ್ಲ ಉರಿ.

ಆದ್ದರಿಂದ ಅಂಗಡಿಯಲ್ಲೂ ಅವನು ಹಾಜರ್. ಅಂಗಡಿಯವನು ಚಕ್ರವಿರುವ ದೈತ್ಯ ಯಂತ್ರವೊಂದನ್ನು ತಳ್ಳಿಕೊಂಡು ಬಂದ.

"ಇದನ್ನೇ ತಗೊಳ್ಳಿ. ಅರ್ಧ ಗಂಟೇಲಿ ಡೆಕ್ ಮುಗ್ದೋಗತ್ತೆ."

"ಜೊತೆಗೆ ಚರ್ಚೂ ಮುಗ್ದೋಗತ್ತೆ," ಎಂದಳು ಹಿಲ್ಯಾ. "ಒತ್ತಡ ಕಮ್ಮಿ ಮಾಡ್ಕೊಳ್ಳೋಕೆ ಬರೋದು ಕೊಡಿ. ಮೂತಿ ಚಿಕ್ಕದಿರ್ಲಿ, ತೆಳ್ಳಗೆ ಬೀಳ್ಬೇಕು."

ಮಧ್ಯಮ ಗಾತ್ರದ್ದೊಂದನ್ನು ಆರಿಸಿ, ನೀರು ತುಂಬಿಸಿ, ರಟ್ಟಿನ ಮೇಲೆ ಹೊಡೆದು ನೋಡಿದಳು. ಅಂಚು ಸಮವಾಗಿ ಬಂತು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ರೇನೊ. "ಬ್ರಷ್ ಹಿಡಿಯೋಕೆ ಬರ್ದಿದ್ರೆ ಬ್ರಷ್ಷೇ ನಿಧಾನ ಅನ್ನೋದು."

"ಡೆಕ್ ಸುತ್ತಿನ ಕಟಕಟೇಲಿ ಇನ್ನೂರು ಸರಳಿದೆ. ಬ್ರಷ್ಷಲ್ಲೇ ಬಳೀತಾ ಕೂತ್ರೆ ಕ್ರಿಸ್ಮಸ್ ಬರತ್ತೆ, ರೇನೊ."

"ಬರ್ಲಿ ಬಿಡು. ಸಿಪ್ಪೆ ಏಳಲ್ವಲ್ಲ."

ಹಿಲ್ಯಾ ದುಡ್ಡು ಎಣಿಸಿಕೊಟ್ಟು ಯಂತ್ರ ಎತ್ತಿಕೊಂಡಳು. ಮುದುಕನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಹೆಚ್ಚು ಉರಿಸಿತು.

ಡೆಕ್ ತೊಳೆದು ಉಜ್ಜುವ ಕೆಲಸ ಹಿಂದಿನ ವಾರವೇ ಆಗಿತ್ತು. ಗುರುವಾರ ಬೆಳಿಗ್ಗೆ ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು. ಮರ ಕೂಡಲೇ ಹೀರಿತು, ಒಣಗಿದೆ ಎಂದರ್ಥ. ಭವನದ ಬಿಳಿ ಗೋಡೆಗೆ ಹಳೆಯ ಹಾಸುಬಟ್ಟೆ ಕಟ್ಟಿ ಮೊದಲು ಸರಳುಗಳಿಗೆ ಬಣ್ಣ ಸಿಂಪಡಿಸತೊಡಗಿದಳು. ರೇನೊ ಹುಲ್ಲಿನ ಮೇಲೆ ಕುರ್ಚಿ ಹಾಕಿ, ಕಾಫಿ ಫ್ಲಾಸ್ಕ್ ಪಕ್ಕಕ್ಕಿಟ್ಟು, ನಾಟಕಕ್ಕೆ ಬಂದವನಂತೆ ಕೂತ. ಹನ್ನೊಂದಕ್ಕೆ ಸರಳುಗಳೆಲ್ಲ ಮುಗಿದವು. ಆಗಲೇ ಸರೋವರದಿಂದ ಗಾಳಿ ಎದ್ದು ಬಣ್ಣದ ಮಂಜು ಗೋಡೆಯತ್ತ ತಿರುಗಿತು. ಅವಳು ಯಂತ್ರದ ಸಿಂಪಡಿಸುವ ಗನ್ ಕೆಳಗಿಟ್ಟಳು.

"ಏನು, ಯಂತ್ರಕ್ಕೆ ಹೊಟ್ಟೆನೋವಾ?"

"ಗಾಳಿಗೆ ತಲೆ ಕೆಟ್ಟಿದೆ. ಇಳೀಲಿ, ಸಂಜೆ ನೋಡೋಣ."

ಜೂನ್ ತಿಂಗಳ ಸಂಜೆ ಅಲ್ಲಿ ಹತ್ತರವರೆಗೂ ಬೆಳಕು. ಆರಕ್ಕೆ ಗಾಳಿ ಬಿದ್ದೊಡನೆ ಹಿಲ್ಯಾ ಹಲಗೆಗಳಿಗೆ ಕೈ ಹಾಕಿದಳು. ಎರಡು ಹಲಗೆಗೆ ಉದ್ದಕ್ಕೂ ಸಿಂಪಡಿಸಿದಳು. ಗನ್ ಇಟ್ಟು, ಮಂಡಿಯೂರಿ, ಬಣ್ಣ ಹಸಿಯಿರುವಾಗಲೇ ಅಗಲ ಬ್ರಷ್ಷಿನಿಂದ ಮರದೊಳಕ್ಕೆ ತಿಕ್ಕಿದಳು. ಮತ್ತೆ ಎರಡು ಹಲಗೆ, ಮತ್ತೆ ಮಂಡಿ. ರೇನೊ ಕುರ್ಚಿಯಿಂದ ಎದ್ದು ಬಂದ.

"ಯಂತ್ರ ಇದ್ದೂ ಬ್ರಷ್ ಯಾಕೆ?"

"ಯಂತ್ರ ಬಡ್ಸತ್ತೆ ಅಷ್ಟೆ, ರೇನೊ. ಉಣ್ಸೋದು ಬ್ರಷ್ಷು. ಹೋದ್ಸಲದೋನು ಬಡ್ಸಿ ಎದ್ದೋದ."

ರೇನೊ ಕುರ್ಚಿಗೆ ಮರಳಿ ಫ್ಲಾಸ್ಕ್ ಬಗ್ಗಿಸಿಕೊಂಡ. ಕಾಫಿ ಆರಿಹೋಗಿತ್ತು. ಅವಳ ಮಂಡಿ ಬಾತು, ಸೊಂಟ ಬಿದ್ದುಹೋದರೂ ಕತ್ತಲಾಗುವ ಮೊದಲು ಕೊನೆಯ ಹಲಗೆ ಮುಗಿಯಿತು.

ಶುಕ್ರವಾರ ಸಂಜೆ ಅವನು ಬಂದು ಹಲಗೆಯ ಮೇಲೆ ಒಂದು ಚೊಂಬು ನೀರು ಸುರಿದ. ನೀರು ಮಣಿಮಣಿಯಾಗಿ ಉರುಳಿ ಸಂದಿಯಲ್ಲಿ ಇಳಿದುಹೋಯಿತು. ಉಗುರಿನಿಂದ ಕೆರೆದು ನೋಡಿದ. ಒಂದು ಮಾತೂ ಆಡದೆ ಹೊರಟುಹೋದ. ಹಿಲ್ಯಾಳಿಗೆ ಅವನನ್ನು ಸರೋವರಕ್ಕೆ ತಳ್ಳಬೇಕೆನಿಸಿತು.

ಶನಿವಾರ ಹಬ್ಬ. ಮೀನಿನ ತಟ್ಟೆ, ರೊಟ್ಟಿ ಹೊತ್ತು ಊರೆಲ್ಲ ಡೆಕ್‌ನ ಮೆಟ್ಟಿಲಿಗೆ ಬಂತು. ಎಲ್ಲರ ಮುಂದೆ ರೇನೊ. ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟ. ನರಳುತ್ತ ಬಗ್ಗಿ, ಬೂಟಿನ ದಾರ ಬಿಚ್ಚಿ, ಎರಡನ್ನೂ ಹುಲ್ಲಿನ ಮೇಲೆ ಜೋಡಿಸಿಟ್ಟು, ಕಾಲುಚೀಲದಲ್ಲೇ ಡೆಕ್ ಹತ್ತಿದ. ಮನೆಯೊಳಕ್ಕೆ ಬೂಟು ಬಿಚ್ಚಿ ಹೋಗುವುದು ವಾಡಿಕೆ, ಆದರೆ ಬಯಲಿನ ಡೆಕ್‌ಗೆ ಬೂಟು ಬಿಚ್ಚಿದವರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

"ಸೋಮವಾರದಿಂದ ಹಾದಿ ಕೆಲಸ ಶುರು ಮಾಡು, ಹಿಲ್ಯಾ," ಎಂದ. ಆಮೇಲೆ ಹಿಂದಿನವರತ್ತ ತಿರುಗಿ ಗುಡುಗಿದ: "ಏನ್ ನೋಡ್ತಾ ನಿಂತಿದೀರಿ? ಬಿಚ್ರಿ!"

ಪಾದ್ರಿಯೂ ಬಿಚ್ಚಿದರು. ಅಂಗಡಿಯವನೂ ಬಿಚ್ಚಿದ. ಹುಲ್ಲಿನ ಮೇಲೆ ಒಂದರ ಪಕ್ಕ ಒಂದು ಕೂಡುತ್ತಿದ್ದ ಊರಿನ ಬೂಟುಗಳನ್ನು ಹಿಲ್ಯಾ ಎದೆಯುಬ್ಬಿಸಿ ನೋಡುತ್ತ ನಿಂತಳು.