ಮೂರನೆಯ ದೌರ್ಬಲ್ಯ

ಇಬ್ಬರು ಅಕ್ಕತಂಗಿಯರಲ್ಲಿ ತಂಗಿ ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಸಂಪಾದಕರು ಹಾಕಿಕೊಟ್ಟ ಅಚ್ಚು ಇಂದಿಗೂ ಅದೇ: ಮೇಲೆ ನಾಲ್ಕು ಸಾಲು ಕಥೆ, ಕೆಳಗೆ ಎರಡು ಚೌಕ. ಒಂದರಲ್ಲಿ ಮೂರು ಶಕ್ತಿ, ಇನ್ನೊಂದರಲ್ಲಿ ಮೂರು ದೌರ್ಬಲ್ಯ. ಎರಡೇ ಬರೆದರೆ ಚೌಕ ಬೋಳುಬೋಳಾಗಿ ಕಾಣುತ್ತದೆಂದು ಪುಟ ಕಟ್ಟುವವನು ಗೊಣಗುತ್ತಿದ್ದ.

ಆ ವಾರ ಬಂದದ್ದು ತಮಿಳಿನ ಒಂದು ಪ್ರೇಮಕಥೆ. ಶಕ್ತಿಗಳು ಸಲೀಸಾಗಿ ಸಿಕ್ಕವು. ಪಾತ್ರೆ ಒರೆಸುತ್ತಲೇ, ತುಟಿ ಬಿಚ್ಚದೆ ನಾಯಕಿ ಜಗಳವಾಡುವ ದೃಶ್ಯ. ಕಥೆಗೆ ಅಡ್ಡ ಬಾರದ ಹಾಡುಗಳು. ಬಡವರ ಮನೆಯನ್ನು ಬಡವರ ಮನೆಯಂತೆಯೇ ತೋರಿಸುವ ಕ್ಯಾಮೆರಾ. ದೌರ್ಬಲ್ಯಕ್ಕೆ ನಾಯಕನ ಹೊಡೆದಾಟ ಒಂದು, ಬೇಕೆಂದಾಗಲೆಲ್ಲ ಇಬ್ಬರೂ ಎದುರಾಗಿಬಿಡುವುದು ಇನ್ನೊಂದು. ಮೂರನೆಯದು ಏನು ಮಾಡಿದರೂ ಹೊಳೆಯಲಿಲ್ಲ. ಪುಟ ಕಟ್ಟುವವನು ಎರಡು ಸಲ ಫೋನ್ ಮಾಡಿದ. ಆಗ ಕೈಗೆ ಸಿಕ್ಕಿದವಳು ನಾಯಕಿಯ ಸೋದರತ್ತೆ, ಐವತ್ತು ದಾಟಿದ ಮೇಲೆ ಗ್ರಂಥಾಲಯದವನೊಬ್ಬನ ಮೇಲೆ ಮನಸ್ಸಿಟ್ಟವಳು. 'ಈ ವಯಸ್ಸಿನ ಪ್ರೇಮ ನಗು ಬರಿಸುತ್ತದೆ. ಕತ್ತರಿ ಹಾಕಿದ್ದರೆ ಚಿತ್ರ ಇಪ್ಪತ್ತು ನಿಮಿಷ ಹಗುರಾಗುತ್ತಿತ್ತು' ಎಂದು ಬರೆದು ಕಳಿಸಿ ತಂಗಿ ಕೈತೊಳೆದುಕೊಂಡಳು.

ನಿಜ ಹೇಳಬೇಕೆಂದರೆ, ಆ ದೃಶ್ಯಗಳಲ್ಲಿ ಅವಳಿಗೆ ನಗು ಬಂದಿರಲೇ ಇಲ್ಲ.

ಪತ್ರಿಕೆ ಬಂದು ನಾಲ್ಕು ದಿನವಾದ ಮೇಲೆ ಅಕ್ಕನ ಟೈಲರ್ ಅಂಗಡಿಗೆ ಹೋದಳು. ತಾಯಿ ಹೋದ ಮೇಲೆ ತಂಗಿಯನ್ನು ಓದಿಸಿ, ಮದುವೆ ಮಾಡಿ, ತಾನು ಮಾತ್ರ ಹೊಲಿಗೆ ಮೆಷಿನ್ನಿನ ಮುಂದೆಯೇ ಐವತ್ತನಾಲ್ಕು ಮುಟ್ಟಿದ ಅಕ್ಕ. ಪಕ್ಕದ ಗಡಿಯಾರ ರಿಪೇರಿಯ ಅಂಗಡಿಗೆ ಬೀಗ ಬಿದ್ದಿತ್ತು.

"ಏನಕ್ಕ, ಪಕ್ಕದೋರು ರಜಾನಾ? ವಾಚಿಗೆ ಸೆಲ್ ಹಾಕಿಸ್ಬೇಕಿತ್ತು."

"ಇನ್ಮೇಲೆ ಬೇರೆ ಕಡೆ ಹಾಕಿಸ್ಕೊ. ಮಗಳ ಊರಲ್ಲೇ ಇರ್ತೀನಿ ಅಂತ ಹೋದ್ರು."

"ಇದ್ದಕ್ಕಿದ್ದ ಹಾಗೆ?"

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ನನ್ನ ಮದ್ವೆ ಆಗ್ತೀರಾ ಅಂತ ಕೇಳಿದ್ರು ಕಣೆ. ಭಾನುವಾರ ಹೇಳ್ತೀನಿ ಅಂದಿದ್ದೆ. ಆಗಲ್ಲ ಅಂದ್ಬಿಟ್ಟೆ."

ತಂಗಿ ಅಲ್ಲೇ ಇದ್ದ ಸ್ಟೂಲನ್ನು ಹತ್ತಿರಕ್ಕೆಳೆದು ಕೂತಳು. "ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ಶನಿವಾರ ನಿನ್ನ ಪುಟ ಓದ್ದೆ. ಕೇಳೋದಕ್ಕೆ ಮುಂಚೆನೇ ಉತ್ತರ ಕೊಟ್ಟಿದ್ದೆಯಲ್ಲ."

"ಅಯ್ಯೋ ಅಕ್ಕಾ, ಅದು ಸಿನಿಮಾ! ಮೂರನೇದು ಏನೂ ಸಿಗ್ಲಿಲ್ಲ, ಜಾಗ ತುಂಬ್ಸೋಕೆ ಬರ್ದೆ."

"ಜಾಗ ತುಂಬ್ಸೋಕೆ ನಾನೇ ಸಿಕ್ಕಿದ್ನಾ?"

ಅಕ್ಕ ನಗುತ್ತಲೇ ಕೇಳಿದಳು. ಬೈದಿದ್ದರೆ ವಾಸಿಯಿತ್ತು. ತಂಗಿಯ ಅಡುಗೆಯಲ್ಲಿ ಉಪ್ಪು ಹೆಚ್ಚಾದದ್ದನ್ನು ಹೇಳುವಾಗಲೂ ಅಕ್ಕ ಹೀಗೆಯೇ ನಗುತ್ತಿದ್ದಳು.

"ಈಗ್ಲೇ ಫೋನ್ ಮಾಡು. ಇಲ್ಲಾಂದ್ರೆ ನಂಬರ್ ಕೊಡು, ನಾನೇ ಮಾತಾಡ್ತೀನಿ."

"ಏನಂತ ಮಾತಾಡ್ತೀಯಾ? ಪತ್ರಿಕೇಲಿ ಹಾಕ್ತಾರಲ್ಲ, ತಿದ್ದುಪಡಿ ಅಂತಾನಾ?" ಅಕ್ಕ ಮೆಷಿನ್ ತುಳಿಯತೊಡಗಿದಳು. "ಅವರಿಗೂ ಅದನ್ನೇ ಹೇಳ್ದೆ, ಜನ ನಗ್ತಾರೆ ಅಂತ. ಯಾರು ನಗ್ತಾರೆ ಅಂತ ಕೇಳಿದ್ರು. ನಿನ್ನ ಹೆಸರು ಹೇಳೋಕೆ ನಾಲಿಗೆ ಏಳ್ಲಿಲ್ಲ. ಅವರು ಹೊರಟ್ಬಿಟ್ರು. ಆ ಮನುಷ್ಯನ್ನ ಎರಡನೇ ಸಲ ಆಡಿಸೋದು ಬೇಡ. ಬಿಡು."

ಬಿಡು ಎಂದಮೇಲೆ ಅಕ್ಕ ಬಿಟ್ಟವಳೇ. ಆದರೂ ಸಂಜೆಯವರೆಗೆ ತಂಗಿ ಅಲ್ಲಿಂದ ಏಳಲಿಲ್ಲ. ಕೊನೆಗೆ ಅಕ್ಕನೇ ಕೇಳಿದಳು, "ಆ ಸಿನಿಮಾ ಇನ್ನೂ ಇದೆಯಾ? ಅಷ್ಟು ಕೆಟ್ಟದಾಗಿರೋದನ್ನ ಒಂದ್ಸಲ ನೋಡೋಣ."

ಮರುದಿನ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗಿಯರು. ಹೊಡೆದಾಟಕ್ಕೆ ಸಿಳ್ಳೆ, ಹಾಡಿಗೆ ಚಪ್ಪಾಳೆ. ಸೋದರತ್ತೆಯ ದೃಶ್ಯ ಬಂತು. ಗ್ರಂಥಾಲಯ ಮುಚ್ಚುವ ಹೊತ್ತು. ಅವನು ಒಂದೊಂದಾಗಿ ಕಿಟಕಿ ಹಾಕುತ್ತಾನೆ. ಇವಳು ಓದಿ ಮುಗಿಸಿದ ಪುಸ್ತಕವನ್ನು ಹಿಂದಿರುಗಿಸದೆ ಎದೆಗೆ ಒತ್ತಿಕೊಂಡು ನಿಂತೇ ಇರುತ್ತಾಳೆ.

ತಂಗಿ ಪರದೆ ನೋಡಲಿಲ್ಲ. ಕುರ್ಚಿಯ ಕೈ ಹಿಡಿದು ಹಿಂದಿನ ಸಾಲಿಗೆ ಕಿವಿಗೊಟ್ಟಳು. ಯಾರಾದರೂ ಒಬ್ಬರು ಕಿಸಕ್ಕೆಂದರೂ ಸಾಕಿತ್ತು, ತಾನು ಬರೆದದ್ದು ಪೂರ್ತಿ ಸುಳ್ಳಲ್ಲವೆನ್ನಲು. ಸಿಳ್ಳೆ ಹಾಕಿದ ಹುಡುಗಿಯರು ಉಸಿರೆತ್ತಲಿಲ್ಲ. ಅವರಲ್ಲೊಬ್ಬಳು ಮೆಲ್ಲಗೆ ಮೂಗು ಒರೆಸಿಕೊಂಡಳು.

"ಯಾರೂ ನಗ್ಲಿಲ್ಲ ಕಣೆ," ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ.