ನೋಡದೆ ಉಳಿದ ಕಂತುಗಳು

ಯಂತ್ರ ತಪ್ಪು ಹೇಳುತ್ತಿರಬೇಕು ಎಂದುಕೊಂಡ ತುಳಸಿದಾಸ. ನೂರಾ ಹದಿನೆಂಟು ಕಂತುಗಳಲ್ಲಿ ಒಂದರ ಮುಂದೆಯೂ ‘ನೋಡಿ ಆಗಿದೆ’ ಎನ್ನುವ ಹಸಿರು ಗುರುತಿರಲಿಲ್ಲ.

ಡಿಸ್ಕ್ ತುಂಬಿತ್ತು. ಹೆಂಡತಿ ಸುಗಂಧಾ ನೋಡಿ ಮುಗಿಸಿದ ಸೀರಿಯಲ್ ಕಂತುಗಳನ್ನು ಅಳಿಸಿ ಜಾಗ ಮಾಡೋಣವೆಂದು, ಕಾಲೇಜಿಗೆ ರಜೆಯಿದ್ದ ಆ ಶುಕ್ರವಾರ ಮಧ್ಯಾಹ್ನ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ಒಂದು ಕಂತನ್ನು ಒಂದು ನಿಮಿಷ ಓಡಿಸಿ ನಿಲ್ಲಿಸಿದ. ಹಸಿರು ಗುರುತು ಬಂತು. ಇನ್ನೊಂದನ್ನು ಓಡಿಸಿದ. ಬಂತು. ಅಡುಗೆಮನೆಗೆ ಹೋಗಿ ಅಲ್ಲಿನ ಚಿಕ್ಕ ಟಿವಿಯಲ್ಲಿ ಮೂರನೆಯದನ್ನು ಹಾಕಿ ಬಂದ. ಅದಕ್ಕೂ ಬಂತು. ಮೂರು ಸಲವೂ ಒಂದೇ ಫಲ ಕೊಟ್ಟ ಪ್ರಯೋಗವನ್ನು ನಂಬಬೇಕೆಂದು ಹದಿನಾರು ವರ್ಷದಿಂದ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ಅವನು.

ಸುಗಂಧಾ ಅಂಕೋಲೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಮೊದಲೆಲ್ಲ ಆರೂಮುಕ್ಕಾಲಕ್ಕೆ ಕಾರವಾರದ ಮನೆ ಸೇರಿ, ಏಳಕ್ಕೆ ಟಿವಿಯ ಮುಂದೆ ಕೂರುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತೆಂದಳು. ಬರುವುದು ಎಂಟಾಗತೊಡಗಿತು. “ಸೀರಿಯಲ್ ಒಂದು ತಪ್ಪಿಹೋಗ್ತದೆ,” ಎಂದಿದ್ದಳು, ಒಂದೇ ಸಲ, ಸೀರೆ ಮಡಚುತ್ತ.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಏನನ್ನೂ ಕೇಳಿದವಳಲ್ಲ. ಆ ಮಾತನ್ನೇ ಅವನು ಕೇಳಿಕೆಯೆಂದು ಹಿಡಿದುಕೊಂಡ. ಸೀರಿಯಲ್ ತಾನಾಗಿ ರೆಕಾರ್ಡ್ ಆಗಲೆಂದು ಹುಬ್ಬಳ್ಳಿಯಿಂದ ಟಿವಿ ಕಾರ್ಡ್ ತರಿಸಿ ಹಳೆಯ ಕಂಪ್ಯೂಟರಿನೊಳಗೆ ಕೂರಿಸಿದ. ಒಂದು ಭಾನುವಾರ ಚಿತ್ರ ಬಂದರೆ ಧ್ವನಿಯಿಲ್ಲ, ಮುಂದಿನ ಭಾನುವಾರ ಧ್ವನಿ ಬಂದರೆ ತೆರೆ ಪೂರಾ ನೀಲಿ. ಕೊನೆಗೆ ಎಲ್ಲ ಕೂಡಿಬಂದ ದಿನ ಗೋಡೆ ಕೊರೆದು ಅಡುಗೆಮನೆಗೆ ವೈರು ಎಳೆದ. ಬೆಳಿಗ್ಗೆ ಅವನು ಕಡಲ ದಂಡೆಗೆ ವಾಕಿಂಗ್ ಹೋದಾಗ, ಅವಳು ದೋಸೆ ಹುಯ್ಯುತ್ತ ನಿನ್ನೆಯ ಕಂತು ನೋಡಬಹುದು.

“ಚಲೋ ಆಯ್ತು,” ಎಂದಿದ್ದಳು ಸುಗಂಧಾ.

ಅಂದಿನಿಂದ ಅವರ ಮನೆಯಲ್ಲಿ ಮಾತು ಹುಟ್ಟಿಕೊಂಡಿತು. ರಾತ್ರಿ ಊಟಕ್ಕೆ ಕೂತಾಗ ಅವಳು ಕತೆ ಹೇಳುತ್ತಿದ್ದಳು. ದುರ್ಗಾ ಎನ್ನುವ ಹೆಂಗಸು. ಮನೆಯಿದೆ, ನೌಕರಿಯಿದೆ, ಗಂಡನಿದ್ದಾನೆ. ಯಾರಿಗೂ ಹೇಳದೆ ಅವಳು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಬಸ್‌ಸ್ಟ್ಯಾಂಡಿನ ಹಿಂದೆ, ಬಲೆ ಹಗ್ಗ ಮಾರುವ ಅಂಗಡಿಯ ಮೇಲೆ. ದಿನಾ ಸಂಜೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಮನೆಗೆ ಬರುತ್ತಾಳೆ.

“ಸೀರಿಯಲ್ಲಿನಲ್ಲೂ ಬಲೆ ಅಂಗಡಿಯಾ?” ಎಂದು ಅವನು ನಕ್ಕಿದ್ದ.

“ಈಗ ನಮ್ ಬದಿಗೇ ಬಂದು ಶೂಟಿಂಗ್ ಮಾಡ್ತ್ರಂತೆ.”

ಅವನಿಗೆ ಕತೆ ರುಚಿಸತೊಡಗಿತು. ದಿನಾ ಒಂದೊಂದು ತೀರ್ಪು ಕೊಡುತ್ತಿದ್ದ. “ಅಂಥವ್ಳಿಗೆ ಯಾರೋ ಇದ್ದೇ ಇರ್ತಾನೆ, ನೋಡ್ತಾ ಇರು.”

“ಇರ್ಲಿಕ್ಕಿಲ್ಲ.”

“ಮತ್ತೆ ಒಬ್ಬಳೇ ಎಂತ ಮಾಡ್ತಾಳೆ ಅಲ್ಲಿ?”

“ಕೂತ್ಕೊಳ್ತಾಳೆ.”

“ಗಂಡ ಕೆಟ್ಟವನಾ?”

“ಇಲ್ಲಪ್ಪ, ಒಳ್ಳೆಯವನೇ.”

“ಹಾಗಾದ್ರೆ ದಡ್ಡ. ಅಷ್ಟೂ ಗೊತ್ತಾಗೂದಿಲ್ವಾ ಅವನಿಗೆ?”

“ಅವ ಕೇಳೂದಿಲ್ಲ,” ಎಂದು ಅವಳು ಸಾರು ಬಡಿಸಿದ್ದಳು.

ಈಗ ತುಳಸಿದಾಸ ಮೊದಲ ಕಂತಿನಿಂದ ನೋಡಿದ. ನಲವತ್ತನೆಯದಕ್ಕೆ ಹಾರಿದ. ತೊಂಬತ್ತಕ್ಕೆ. ನಿನ್ನೆಯದಕ್ಕೆ. ರೇಷ್ಮೆ ಸೀರೆ ಉಟ್ಟ ಇಬ್ಬರು ಸೊಸೆಯಂದಿರು ಒಂದು ಕಳೆದುಹೋದ ವಿಲ್‌ಗಾಗಿ ಐದೂವರೆ ತಿಂಗಳಿಂದ ಜಗಳವಾಡುತ್ತಿದ್ದರು. ದುರ್ಗಾ ಎನ್ನುವವಳು ಎಲ್ಲಿಯೂ ಇರಲಿಲ್ಲ.

ಅಂಕೋಲೆಗೆ ಹೋಗುವ ನಾಲ್ಕೂವರೆಯ ಬಸ್ಸು ಹಿಡಿದ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಮಾಡಿದರೆ ಅವಳು ಏನಾದರೊಂದು ಹೇಳಿಬಿಡುತ್ತಾಳೆ, ತಾನು ನಂಬಿಬಿಡುತ್ತೇನೆ ಎಂದು ಹೆದರಿಕೆಯಾಯಿತು. ತೋಡೂರು ದಾಟುವಾಗ ಪಕ್ಕದಲ್ಲಿ ಕೂತಿದ್ದ ಮುದುಕ ನೌಕಾನೆಲೆಯ ಗೋಡೆಯತ್ತ ಕೈ ತೋರಿಸಿ, ಅದರಾಚೆಗೆ ಎಲ್ಲಿಯೋ ತನ್ನ ಮನೆ ಇತ್ತೆಂದ. ತುಳಸಿದಾಸ ಹೌದೆಂದು ತಲೆಯಾಡಿಸಿದ. ಗೋಡೆ ಬಹಳ ಹೊತ್ತು ಬಸ್ಸಿನ ಜೊತೆಗೇ ಓಡಿತು.

ತನಗೆ ಮೋಸವಾಗಿದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಮೋಸ ಯಾವುದು? ಸುಳ್ಳು ಹೇಳಿದ್ದೋ, ಅಥವಾ ದಿನಾ ಎದುರಿಗೆ ಕೂತು, ಅನ್ನ ಬಡಿಸುತ್ತ, ಒಂದಕ್ಷರ ಬಿಡದೆ ನಿಜವನ್ನೇ ಹೇಳಿದ್ದೋ? ಅವಳು ತಡವಾಗಿ ಬರುವುದಕ್ಕೆ ಅನುಕೂಲವಾಗಲೆಂದು ಗೋಡೆ ಕೊರೆದವನು ತಾನು.

ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ಬಲೆಯಂಗಡಿ ಇತ್ತು. ಇರದಿದ್ದರೆ ಎಂದು ಅವನು ಕೊನೆಯ ತಿರುವಿನವರೆಗೂ ಆಸೆಪಟ್ಟಿದ್ದ. ಅಂಗಡಿಯ ಮಾಲಕ ಜಟ್ಟು ನೈಲಾನ್ ಹಗ್ಗ ಸುತ್ತುತ್ತಿದ್ದ.

“ಮೇಲೆ ಯಾರಿದ್ದಾರೆ?”

“ಮ್ಯಾಲೆ ಒಬ್ರು ಬಾಯೋರು ಬತ್ರು. ಐದೂವರಿಗೆ ಬತ್ರು, ಏಳರ ಒಳಗೆ ಹೋತ್ರು.”

“ಮತ್ಯಾರಾದ್ರೂ?”

“ಮತ್ಯಾರು ಬತ್ರು? ಒಬ್ರೆಯ.” ಜಟ್ಟು ಹಗ್ಗ ಸುತ್ತುವುದನ್ನು ನಿಲ್ಲಿಸಿದ. “ನೀವು ಅವ್ರಿಗೆ ಎಂತ ಆಗ್ಬೇಕು?”

“ಎಂತದೂ ಇಲ್ಲ,” ಎಂದ ತುಳಸಿದಾಸ. “ಸುಮ್ನೆ ಕೇಳ್ದೆ.”

ಜಟ್ಟು ಗಿರಾಕಿಯೊಬ್ಬನ ಕಡೆ ತಿರುಗಿದಾಗ ಅವನು ಹೊರಗಿನ ಮೆಟ್ಟಿಲು ಹತ್ತಿದ. ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ. ಸುಗಂಧಾಳದು, ಎಡಗಾಲಿನದು ಸವೆದು ಓರೆಯಾಗಿತ್ತು.

ಇನ್ನೊಂದು ಜೊತೆಯಿದ್ದಿದ್ದರೆ ಅವನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಕೂಗಾಡಲು ಬೇಕಾದ ಮಾತುಗಳನ್ನೆಲ್ಲ ಬಸ್ಸಿನಲ್ಲಿಯೇ ಜೋಡಿಸಿಕೊಂಡು ಬಂದಿದ್ದ. ಈ ಒಂದು ಜೊತೆಯ ಮುಂದೆ ಅವು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಅವಳು ಆಕಳಿಸಿದ ಸದ್ದು ಕೇಳಿತು. ಉದ್ದಕ್ಕೆ, ದೊಡ್ಡದಾಗಿ, ಬಾಯಿಗೆ ಕೈ ಅಡ್ಡ ಹಿಡಿಯದವರು ಆಕಳಿಸುವ ಹಾಗೆ. ಹನ್ನೊಂದು ವರ್ಷದಲ್ಲಿ ಅವನು ಆ ಸದ್ದು ಕೇಳಿರಲಿಲ್ಲ. ಬಡಿಯಲೆಂದು ಕೈ ಎತ್ತಿದ. ಬಾಗಿಲು ತೆರೆದು ಅವಳು ‘ಎಂತ?’ ಎಂದು ಕೇಳಿದರೆ ಏನೆನ್ನುವುದು? ಕೈ ಇಳಿಸಿದ. ಇಳಿಯುವಾಗ ಮರದ ಮೆಟ್ಟಿಲು ಒಂದೊಂದೂ ಸದ್ದು ಮಾಡಿತು.

ಎಂಟಕ್ಕೆ ಸುಗಂಧಾ ಮನೆಗೆ ಬಂದಳು. ಕೈಕಾಲು ತೊಳೆದು ಬಂಗಡೆ ಸಾರು ಬಿಸಿ ಮಾಡಿದಳು. ಇಬ್ಬರೂ ಊಟಕ್ಕೆ ಕೂತರು. ಅವನು ಅನ್ನ ಕಲಸುತ್ತಲೇ ಇದ್ದ.

“ಡಿಸ್ಕ್ ತುಂಬಿ ಹೋಗಿದೆ,” ಎಂದ ಕೊನೆಗೆ. “ಇವತ್ತಿಂದು ರೆಕಾರ್ಡ್ ಆಗ್ಲಿಲ್ಲ.”

“ಹೌದಾ.”

ಅವಳು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟಳು. ಇನ್ನೊಂದು ಬಿಡಿಸಿದಳು.

“ದುರ್ಗಾಳ ಗಂಡ ಬಂದಿದ್ದ ಇವತ್ತು,” ಎಂದಳು.

ಅವನು ತಲೆಯೆತ್ತಲಿಲ್ಲ. “ಬಂದು?”

“ಬಾಗಿಲ ತನಕ ಬಂದ. ಸುಮಾರು ಹೊತ್ತು ನಿಂತಿದ್ದ. ಬಡೀಲಿಲ್ಲ.”

“ಅವಳಿಗೆ ಹ್ಯಾಗೆ ಗೊತ್ತಾಯ್ತು?”

“ಹತ್ತಿ ಬರುವಾಗ್ಲೇ ಹೆಜ್ಜೆ ಸದ್ದಿಗೇ ಗೊತ್ತಾಗಿತ್ತು. ಅವಳು ಚಿಲಕ ತೆಗ್ದು ಕೂತಿದ್ದಳು.”

“ಅವಳೇ ತೆರೀಬಹುದಿತ್ತು.”

“ಹೌದು,” ಎಂದಳು ಸುಗಂಧಾ. “ತೆರೀಬಹುದಿತ್ತು.”

ಅವಳು ಅನ್ನದ ಪಾತ್ರೆಯನ್ನು ಅವನತ್ತ ಸರಿಸಿದಳು. ಅವನು ಬೇಡವೆಂದ.

“ಮುಂದೆ?”

“ನಾಳೆ ನಾಡಿದ್ದು ಇಲ್ಲ. ಸೋಮವಾರ ನೋಡ್ಬೇಕು.”

ಕೈ ತೊಳೆಯಲು ಎದ್ದವನು ಕಿಟಕಿಯ ಬಳಿಯೇ ನಿಂತುಬಿಟ್ಟ. ಬೈತಖೋಲ ಬಂದರಿನ ಕಡೆಯಿಂದ ಹೊರಟ ಒಂದು ಟ್ರಾಲರಿನ ದೀಪ ಕಪ್ಪು ನೀರಿನ ಮೇಲೆ ಕಾಣುತ್ತಿತ್ತು. ಎಷ್ಟು ದಿಟ್ಟಿಸಿದರೂ ಅದು ನಿಂತಲ್ಲೇ ನಿಂತಿತ್ತು. ಹಿಂದೆ ಪಾತ್ರೆಯ ಸದ್ದಾಗಿ ಅವನು ಅತ್ತ ತಿರುಗಿ, ಮತ್ತೆ ಕಡಲತ್ತ ನೋಡಿದ. ದೀಪ ಆಗಲೇ ಎಷ್ಟೋ ದೂರದಲ್ಲಿತ್ತು.