ಅಯ್ಯನವರ ಮೀಸಲು

ನಿಜಾಮನ ಆಳ್ವಿಕೆ ಮುಗಿದು ನಾಲ್ಕಾರು ವರ್ಷಗಳಾಗಿದ್ದ ಕಾಲ. ಹಟ್ಟಿಯ ಚಿನ್ನದ ಗಣಿಗೆ ಕೋಲಾರದಿಂದ ಬಂದ ಇಂಜಿನಿಯರ್ ಅರುಳಪ್ಪನವರ ಬಂಗಲೆಗೆ ಕಾಳು ಹಸನುಮಾಡಿ, ಕುಟ್ಟಿ ಬೀಸಿ ಕೊಡುತ್ತಿದ್ದವಳು ಪಂಪಮ್ಮ. ಮಸ್ಕಿಯ ಕಡೆಯವಳು, ವಿಧವೆ, ಕೊರಳಲ್ಲಿ ಲಿಂಗ ಕಟ್ಟಿದವಳು. ಅವಳ ಒಲೆಯ ಮೇಲೆ ಏನೇ ಬೆಂದರೂ ಮೊದಲ ಪಾಲು ಜಂಗಮನಿಗೆ ಮೀಸಲು. ಸೋಮವಾರ ಸೋಮವಾರ ಜೋಳಿಗೆ ಹಿಡಿದು ಬರುವ ಕರಿಬಸಯ್ಯನವರು ಅದನ್ನು ಸ್ವೀಕರಿಸಿದರೆ ಅವಳ ವಾರ ಸಾರ್ಥಕ.

ಅರುಳಪ್ಪನವರು ಒಂದು ದಿನ ಜವೆಗೋಧಿಯ ಚೀಲ ತಂದಿಳಿಸಿದರು. ಮೊಳಕೆ ಬರಿಸಬೇಕು, ಹುರಿಯದೆ ಬಿಸಿಲಿಗೇ ಒಣಗಿಸಬೇಕು. ಹುರಿದರೆ ಬಣ್ಣ ಕಪ್ಪಾಗುತ್ತದೆ ಎಂದರು. ಒಣಗಿದ್ದನ್ನು ತರಿಯಾಗಿ ಬೀಸಿ, ಅವಳ ಹಿತ್ತಲ ಹಂಡೆಯಲ್ಲಿ ನೆನೆಸಿ, ಸೋಸಿ, ಕುದಿಯಲಿಟ್ಟರು. ಆಮೇಲೆ ತಾವೇ ಒಂದು ಡಬ್ಬಿ ತೆರೆದು ಒಣಗಿದ ಹಸಿರು ಹೂ ಸುರಿದರು. ತನ್ನ ದೇಶಕ್ಕೆ ಮರಳಿದ ಇಂಗ್ಲಿಷ್ ಅಧಿಕಾರಿಯೊಬ್ಬ ಬಿಟ್ಟುಹೋದ ಹೂ ಅದು. ಒಂದೇ ಜಾತಿಯದು, ಬೇರೆಯದನ್ನು ಬೆರೆಸಿದರೆ ಅದರ ಕಂಪು ಕೆಡುತ್ತದೆಂದು ಅವರ ನಂಬಿಕೆ.

ಕಹಿ ಹಬೆ ಮೂಗಿಗಡರಿದಾಗ ಪಂಪಮ್ಮ ಕೇಳಿದಳು: "ಇದು ಹೆಂಡ ಗಿಂಡ ಅಲ್ಲಲ್ರೀ ಸಾಹೇಬ್ರ?"

"ಛೆ, ಕಷಾಯ ಪಂಪಮ್ಮ. ಹೊಟ್ಟೆಗೆ ಒಳ್ಳೇದು."

ಆರಿದ ರಸವನ್ನು ಜಾಡಿಗೆ ತುಂಬಿ, ಅದಕ್ಕೆ ಯೀಸ್ಟ್ ಬೆರೆಸಿದರು. ಅವರು ಜಾಡಿ ಹೊತ್ತು ಹೊರಡುವ ಮುನ್ನ, ಪಂಪಮ್ಮ ರೂಢಿಯಂತೆ ಅದರಿಂದ ಒಂದು ತಂಬಿಗೆ ತೆಗೆದು ಬಾಯಿಗೆ ಬಟ್ಟೆ ಕಟ್ಟಿ ದೇವರ ಗೂಡಿನಲ್ಲಿಟ್ಟಳು.

ಸೋಮವಾರ ಬಂದ ಕರಿಬಸಯ್ಯನವರು ಹೊಟ್ಟೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತರು. "ಪಾಮನಕಲ್ಲೂರಾಗ ಹೋಳಿಗಿ ಜಾಸ್ತಿ ಆತವ್ವ. ಭಕ್ತರು ಬಿಡಂಗಿಲ್ಲ, ಹೊಟ್ಟಿ ತಡ್ಯಂಗಿಲ್ಲ."

"ಕಷಾಯ ಐತ್ರೀ ಅಪ್ಪಾರ. ನಿಮಗಂತನ ಮೀಸಲು ತಗದೀನಿ."

ಅಯ್ಯನವರು ಒಂದು ಗುಟುಕು ನುಂಗಿದರು. ಎರಡನೆಯದಕ್ಕೆ ತಂಬಿಗೆ ಎತ್ತಿದವರು ನೊರೆಯನ್ನು ನೋಡಿ, ಮೂಸಿ, ಮೆಲ್ಲಗೆ ಕೆಳಗಿಟ್ಟರು.

"ಪಂಪಮ್ಮ, ಸೇಂದಿ ಅಂಗಡಿ ಮುಂದ ಹಾದು ಹೋಗುವಾಗ ಈ ವಾಸನಿ ಬರ್ತದ. ನಿನ್ನ ಮನ್ಯಾಗ ಇನ್ನ ಜೋಳಿಗಿ ಹ್ಯಾಂಗ ಹಿಡೀಲಿ?"

ಅವಳು ಅಳಲಿಲ್ಲ. "ಸ್ವಲ್ಪ ಕುಂದರ್‍ರಿ" ಎಂದು ತಂಬಿಗೆ ಹಿಡಿದು ಬಂಗಲೆಗೆ ನಡೆದಳು. ಅರುಳಪ್ಪನವರು ವರಾಂಡದಲ್ಲಿ ಗೆಳೆಯನೊಬ್ಬನಿಗೆ ಜಾಡಿ ತೋರಿಸುತ್ತ, ಒಂದೇ ಜಾತಿಯ ಹಾಪ್ಸ್ ಹೂ ಹಾಕಿದ ಬಿಯರ್ ಇನ್ನೇನು ಪಕ್ವವಾಗುತ್ತದೆಂದು ಬಣ್ಣಿಸುತ್ತಿದ್ದರು.

"ನಾ ಕೇಳಿದಾಗ ಯಾಕ ಸುಳ್ಳು ಹೇಳಿದ್ರಿ?"

"ಬಿಯರ್ ಅಂದ್ರೆ ಹೆಂಡ ಅಲ್ಲ ಪಂಪಮ್ಮ, ನೀರಿದ್ದ ಹಾಗೆ." ಅವಳು ಕದಲಲಿಲ್ಲ. ಅವರು ದನಿ ತಗ್ಗಿಸಿದರು: "ಹೇಳಿದ್ದರೆ ನೀನು ಮಾಡ್ತಾ ಇರಲಿಲ್ಲ."

ಓದಿದವರು ಓದದವರಿಗೆ ಬಗೆಯುವ ದ್ರೋಹವೆಲ್ಲ ಈ ಒಂದು ಮಾತಿನಲ್ಲಿದೆ. ಒಲ್ಲೆನೆನ್ನುವ ಹಕ್ಕು ಅವಳಿಗಿದೆಯೆಂದು ತಿಳಿದೇ ಅದನ್ನು ಕಸಿದುಕೊಂಡಿದ್ದರು. ಮದ್ಯ ಕುಡಿದವನ ತಲೆ ಮರುದಿನ ತಿಳಿಯಾದೀತು. ನಂಬಿಸಿ ಕೆಡಿಸಿದ ಒಲೆ ಹಾಗೆ ತಿಳಿಯಾಗುವುದಿಲ್ಲ.

"ಇದನ್ನ ನನಗ ಹೇಳಬ್ಯಾಡ್ರಿ. ನಮ್ಮ ಅಯ್ಯಾರ ಮುಂದ ಬಂದು ಹೇಳ್ರಿ."

ಗೆಳೆಯ ಬೇರೆಡೆ ನೋಡತೊಡಗಿದ. ಅರುಳಪ್ಪನವರು ಜಾಡಿಯನ್ನು ಪಕ್ಕಕ್ಕೆ ಸರಿಸಿ ಎದ್ದರು. ಅವಳ ಅಂಗಳದಲ್ಲಿ ಬೂಟು ಕಳಚಿ ನಿಂತು, "ಸ್ವಾಮಿ, ಈಕೆ ಕೇಳಿದ್ದಳು. ನಾನು ಸುಳ್ಳು ಹೇಳಿದೆ" ಎಂದರು.

ಕರಿಬಸಯ್ಯನವರು ಅವರನ್ನು ಬಯ್ಯಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ಪಂಪಮ್ಮನತ್ತ ತಿರುಗಿ, "ತಂಬಿಗಿ ಬೆಳಗವ್ವ" ಎಂದರು.

ಅವಳು ರಸವನ್ನು ಹಿತ್ತಲಿಗೆ ಚೆಲ್ಲಿ, ಹುಣಸೆಹಣ್ಣು ಬೂದಿ ಹಚ್ಚಿ, ತಂಬಿಗೆ ಹೊಳೆಯುವವರೆಗೂ ತಿಕ್ಕಿದಳು. ಅಷ್ಟು ಹೊತ್ತೂ ಅಯ್ಯನವರು ಕಟ್ಟೆಯ ಮೇಲೆ ಕಾದರು. ಬಾಗಿಲ ಬಳಿ ಉಳಿದಿದ್ದ ಅರ್ಧ ಚೀಲ ಜವೆಗೋಧಿಯನ್ನು ಅವಳು ಅರುಳಪ್ಪನವರ ಮುಂದೆ ಎಳೆದಿಟ್ಟಳು. ಅವರು ಆಳನ್ನು ಕರೆಯದೆ ತಾವೇ ಹೊತ್ತು ನಡೆದರು.

ಪಂಪಮ್ಮ ತಂಬಿಗೆಯಲ್ಲಿ ತಣ್ಣೀರು ತಂದಿಟ್ಟಳು. ಕರಿಬಸಯ್ಯನವರು ಅದನ್ನೆತ್ತಿ ಬರಿದಾಗುವವರೆಗೂ ಕುಡಿದು, ಜೋಳಿಗೆಯ ಬಾಯಿ ಅಗಲಿಸಿ ಹಿಡಿದರು.